ನಾಯಕಿ ದಪ್ಪ ಇದ್ದರೆ ಕಥೆಯೆಲ್ಲ ಅವಳ ದಪ್ಪದ್ದೇ ಯಾಕೆ ಆಗಬೇಕು?

ಸಂಜೆಮಲ್ಲಿಗೆ
ತುಂಬ ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ಇಲ್ಲಿ ಸಿನಿಮಾ, ಧಾರಾವಾಹಿ ನೋಡುವವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಧಾರಾವಾಹಿಗಳಲ್ಲಿ ದಪ್ಪ ಹುಡುಗಿ ನಾಯಕಿ ಆದರೆ ಮೊದಲ ಕಂತಿನಿಂದಲೇ ಮದುವೆ ಆಗಲ್ಲ ಅನ್ನುವ ಗೋಳು. ಕಪ್ಪು ಹುಡುಗಿ ಆದರೆ ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುವ ದೃಶ್ಯ. ಆಮೇಲೆ ಅವಳು ಎಷ್ಟು ಒಳ್ಳೆಯವಳು, ಎಷ್ಟು ತಾಳ್ಮೆಯವಳು, ಅಡುಗೆ ಎಷ್ಟು ಚೆನ್ನಾಗಿ ಮಾಡುತ್ತಾಳೆ ಅಂತ ನೂರಾರು ಕಂತು ಸಾಬೀತು ಮಾಡುತ್ತಲೇ ಇರಬೇಕು. ತೆಳ್ಳಗೆ ಬೆಳ್ಳಗೆ ಇರುವ ನಾಯಕಿ ಸಿಟ್ಟು ಮಾಡಿಕೊಳ್ಳಬಹುದು, ಸುಳ್ಳು ಹೇಳಬಹುದು, ಸೋಮಾರಿಯೂ ಆಗಿರಬಹುದು. ಇವಳಿಗೆ ಅದ್ಯಾವುದೂ ಇಲ್ಲ. ಇವಳು ದೇವತೆಯೇ ಆಗಬೇಕು.

ನಾನು ಕೇಳುವುದು ಇಷ್ಟೇ. ಒಬ್ಬ ದಪ್ಪ ಹೆಂಗಸು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಯಾರನ್ನೋ ಪ್ರೀತಿಸುತ್ತಾಳೆ, ಅಣ್ಣನ ಜೊತೆ ಆಸ್ತಿಗೆ ಕಿತ್ತಾಡುತ್ತಾಳೆ. ಕಥೆ ಮುಗಿಯುವ ತನಕ ಯಾರೂ ಅವಳ ಮೈ ಬಗ್ಗೆ ಒಂದು ಮಾತು ಎತ್ತುವುದಿಲ್ಲ. ಇಂಥದ್ದು ಕನ್ನಡದಲ್ಲಿ ನೀವು ನೋಡಿದ್ದೀರಾ?

ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಮನೆಯಲ್ಲಿ ಫೋಟೋ ತೆಗೆಯುವಾಗ ತಾನೇ ಹೋಗಿ ಎಲ್ಲರ ಹಿಂದೆ ನಿಲ್ಲುತ್ತಾಳೆ. ಸೋಫಾ ಮೇಲೆ ಕೂತರೆ ದಿಂಬು ತೆಗೆದು ಹೊಟ್ಟೆಗೆ ಅಡ್ಡ ಇಟ್ಟುಕೊಳ್ಳುತ್ತಾಳೆ. ಅವಳಿಗೆ ಇದನ್ನು ಯಾರೂ ಕೂತು ಕಲಿಸಿಲ್ಲ. ಸಂಜೆ ಏಳರಿಂದ ಹತ್ತರ ತನಕ ಟಿವಿ ಕಲಿಸಿದೆ.

ತುಂಗಾತೀರ
ದಿಂಬಿನ ವಿಷಯ ಓದಿ ಎದೆ ಚುರುಕ್ ಅಂತು. ನನಗೆ ಮದುವೆಯಾಗಿ ಇಬ್ಬರು ಮಕ್ಕಳು, ಇವತ್ತಿಗೂ ದಿಂಬು ಬೇಕು.

ಬಯಲುಸೀಮೆ
ಜೀ ಕನ್ನಡದ ‘ಬ್ರಹ್ಮಗಂಟು’ ಮರೆತಿರಾ? 2017ರಲ್ಲಿ ಶುರುವಾಯಿತು. ನಾಯಕಿ ದಪ್ಪ. ವರ್ಷಗಟ್ಟಲೆ ಓಡಿತು. ನಮ್ಮ ಮನೆಯಲ್ಲಿ ಅಜ್ಜಿ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಜನ ನೋಡಲ್ಲ ಅನ್ನುವುದು ಸುಳ್ಳು.

ಸಂಜೆಮಲ್ಲಿಗೆ
ಮರೆತಿಲ್ಲ. ಆ ನಟಿಯ ಕೆಲಸ ನನಗೂ ಇಷ್ಟ. ಜನ ನೋಡುತ್ತಾರೆ ಅಂತ ಅದು ತೋರಿಸಿಕೊಟ್ಟಿದ್ದೂ ನಿಜ. ಆದರೆ ಊರೆಲ್ಲ ಆ ಪಾತ್ರವನ್ನು ನೆನಪಿಟ್ಟುಕೊಂಡಿದ್ದು ‘ಗುಂಡಮ್ಮ’ ಅಂತ. ಮೈ ಬಿಟ್ಟು ಕಥೆ ಮುಂದೆ ಹೋಗಲಿಲ್ಲ. ನನ್ನ ತಕರಾರು ಅದೇ.

ನೇರನುಡಿ
ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಸಿನಿಮಾ ಅಂದರೆ ಕನಸು. ಟಿಕೆಟ್ ಕೊಟ್ಟು ಹೋಗುವವನು ಚೆಂದ ಇರುವವರನ್ನು ನೋಡಲು ಹೋಗುತ್ತಾನೆ. ಹೀರೋಗಳೂ ಸಿಕ್ಸ್ ಪ್ಯಾಕ್ ಅಂತ ಬೆವರು ಸುರಿಸುತ್ತಾರೆ, ಅವರಿಗೆ ಯಾರೂ ಅಯ್ಯೋ ಅನ್ನುವುದಿಲ್ಲ. ಇನ್ನೊಂದು, ದಪ್ಪ ಇರುವುದು ಆರೋಗ್ಯದ ಸಮಸ್ಯೆ. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು. ಅದನ್ನು ಸಹಜ ಅಂತ ತೋರಿಸಿದರೆ ಮಕ್ಕಳಿಗೆ ನಾಳೆ ಯಾರು ಹೇಳಬೇಕು? ಮನೆಯ ಹಿರಿಯರು ‘ದಪ್ಪ ಆಗಿದ್ದೀಯ’ ಅನ್ನುವುದು ಕಾಳಜಿಯಿಂದ.

ನೈಟ್ ಡ್ಯೂಟಿ
ನೇರನುಡಿ ಅವರೇ, ನಾನು ನರ್ಸ್. ಆರೋಗ್ಯದ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತೂಕ ಜಾಸ್ತಿ ಇರುವವರು ನೂರಕ್ಕೆ 24. ರಕ್ತಹೀನತೆ ಇರುವವರು ನೂರಕ್ಕೆ 57. ಮದುವೆ ಮನೆಯಲ್ಲಿ ‘ಏನಮ್ಮ, ನಿನ್ನ ಹಿಮೋಗ್ಲೋಬಿನ್ ಎಷ್ಟು’ ಅಂತ ಯಾವ ಅತ್ತೆಯಾದರೂ ಕೇಳಿದ್ದು ಉಂಟಾ? ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ತೆಳ್ಳಗಿನ ಹುಡುಗಿಗೆ ‘ಎಷ್ಟು ಚೆನ್ನಾಗಿ ಮೈ ಕಾಪಾಡಿಕೊಂಡಿದ್ದೀಯ’ ಅನ್ನುತ್ತಾರೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತದೆ. ಕಾಳಜಿ ಅಂದರೆ ಅದನ್ನು ಕೇಳಬೇಕಿತ್ತು.

ದಪ್ಪ ಇರುವವರಿಗೆ ಇನ್ನೊಂದು ಪಾಡು. ಗಂಟಲು ನೋವು ಅಂತ ಬಂದರೂ ‘ಮೊದಲು ತೂಕ ಇಳಿಸಿ’. ಥೈರಾಯ್ಡ್, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಇದ್ದವರು ಈ ಮಾತಿಗೆ ಹೆದರಿ ಆಸ್ಪತ್ರೆಗೆ ಬರುವುದನ್ನೇ ಮುಂದಕ್ಕೆ ಹಾಕುತ್ತಾರೆ. ಹಾಗೆ ತಡ ಮಾಡಿ ಬಂದವರನ್ನು ನಾನು ನೋಡಿದ್ದೇನೆ. ನಾಚಿಸಿದರೆ ಯಾರ ಸಕ್ಕರೆಯೂ ಇಳಿಯುವುದಿಲ್ಲ.

ಹುಬ್ಬಳ್ಳಿ ಮಂದಿ
ನರ್ಸಕ್ಕ, ನೂರಕ್ಕ ನೂರು ಖರೆ.

ನೇರನುಡಿ
ರಕ್ತಹೀನತೆಯ ಅಂಕಿ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಒಂದು ಸಮಸ್ಯೆ ದೊಡ್ಡದು ಅಂತ ಇನ್ನೊಂದು ಸಮಸ್ಯೆ ಇಲ್ಲ ಅನ್ನಲು ಬರುವುದಿಲ್ಲ. ಎರಡರ ಬಗ್ಗೆಯೂ ಮಾತಾಡಬೇಕು.

ನೈಟ್ ಡ್ಯೂಟಿ
ಮಾತಾಡೋಣ. ರೋಗಿ ಕೇಳಿದಾಗ, ಬಾಗಿಲು ಹಾಕಿಕೊಂಡು, ವೈದ್ಯರು ಮಾತಾಡಲಿ. ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಮಾತಾಡುವುದು ಬೇಡ.

ಮೇಕಪ್ ಪೆಟ್ಟಿಗೆ
ನಾನು ಧಾರಾವಾಹಿಗಳಿಗೆ ಮೇಕಪ್ ಮಾಡುತ್ತೇನೆ. ಬಣ್ಣದ ವಿಷಯ ಹೇಳಲೇಬೇಕು.

‘ಕಪ್ಪು ಹುಡುಗಿ’ ಕಥೆ ಅಂತ ಇಟ್ಟುಕೊಳ್ಳಿ. ಆಡಿಷನ್‌ಗೆ ನಿಜವಾಗಿ ಕಪ್ಪಗಿರುವ ಹುಡುಗಿಯರು ಬರುತ್ತಾರೆ, ವಾಪಸ್ ಹೋಗುತ್ತಾರೆ. ಕೊನೆಗೆ ಬೆಳ್ಳಗಿನ ನಟಿ ಆಯ್ಕೆ ಆಗುತ್ತಾರೆ. ಅವರಿಗೆ ಎರಡು ಮೂರು ಶೇಡ್ ಕಪ್ಪು ಫೌಂಡೇಶನ್ ಬಳಿಯುವುದು ನಮ್ಮ ಕೆಲಸ. ಮುಖ, ಕುತ್ತಿಗೆ, ಕಿವಿಯ ಹಿಂದೆ, ಬೆನ್ನು, ಮೊಣಕೈ, ಬೆರಳ ಗೆಣ್ಣು. ಬೆಳಗ್ಗೆ ಒಂದು ಗಂಟೆಗೂ ಜಾಸ್ತಿ ಇದಕ್ಕೇ ಹೋಗುತ್ತದೆ. ಅಳುವ ದೃಶ್ಯ ಬಂದರೆ ಕೆನ್ನೆಯ ಮೇಲೆ ಬಿಳಿ ಗೆರೆ ಬೀಳುತ್ತದೆ, ಮತ್ತೆ ಬಳಿಯಬೇಕು. ಸೀರೆಯ ಅಂಚೆಲ್ಲ ಕಂದು.

ಕಪ್ಪಗಿರುವ ನಟಿ ಬೇರೆ ಪಾತ್ರಕ್ಕೆ ಬಂದರೆ? ಅವರನ್ನು ಎರಡು ಶೇಡ್ ಬೆಳ್ಳಗೆ ಮಾಡು ಅನ್ನುತ್ತಾರೆ. ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ನನಗೆ ನೋಡಲು ಸಂಕಟ ಆಗುತ್ತದೆ. ಬೆಳಕನ್ನೂ ಬೆಳ್ಳಗಿನವರಿಗೆ ಹೊಂದಿಸಿ ಇಟ್ಟಿರುತ್ತಾರೆ, ಕಪ್ಪಗಿನವರು ಅವರ ಪಕ್ಕ ನಿಂತರೆ ಮುಖವೇ ಕಾಣುವುದಿಲ್ಲ. ಆಮೇಲೆ ‘ಕ್ಯಾಮೆರಾಗೆ ಕಪ್ಪು ಹೊಂದಲ್ಲ’ ಅನ್ನುತ್ತಾರೆ. ಒಂದು ಲೈಟು ಸರಿಸಿದರೆ ಹೊಂದುತ್ತದೆ. ಸರಿಸುವುದಿಲ್ಲ ಅಷ್ಟೇ.

ತುಂಗಾತೀರ
ಹಿಂದಿಯಲ್ಲೂ ಹೀಗೇ. 2019ರ ‘ಬಾಲಾ’ ಸಿನಿಮಾ ಮೈಬಣ್ಣದ ಅವಮಾನದ ವಿರುದ್ಧವೇ ಮಾತಾಡುತ್ತದೆ. ಅದರಲ್ಲಿ ಭೂಮಿ ಪೆಡ್ನೇಕರ್ ಮುಖಕ್ಕೆ ಕಪ್ಪು ಬಳಿದಿದ್ದರು.

ದುಬೈ ಕನ್ನಡತಿ
ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. 2020ರಲ್ಲಿ ಅಮೆರಿಕದ ಜನಾಂಗೀಯ ತಾರತಮ್ಯದ ಗಲಾಟೆ ಆದ ಮೇಲೆ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆಯಿತು. ಅದಕ್ಕೂ ಹೆಂಗಸರು ಸಹಿ ಸಂಗ್ರಹ ಮಾಡಬೇಕಾಯಿತು.

ಇಷ್ಟಾದರೂ ನಮ್ಮ ಜಾತಿಯ ವಾಟ್ಸಾಪ್ ಗುಂಪಿನಲ್ಲಿ ಬರುವ ಬಯೋಡಾಟಾ ನೋಡಿ. ‘ಎಣ್ಣೆಗೆಂಪು’, ‘ಗೋಧಿ ಬಣ್ಣ’, ‘ಬಿಳಿ’. ಎಂಟೆಕ್ ಓದಿದ ಹುಡುಗಿಯ ಬಣ್ಣ ಮೂರನೇ ಸಾಲಿನಲ್ಲಿ, ಕೆಲಸ ಆರನೇ ಸಾಲಿನಲ್ಲಿ. ಹುಡುಗನ ಬಯೋಡಾಟಾದಲ್ಲಿ ಬಣ್ಣದ ಸಾಲು ಇರುವುದೇ ಕಮ್ಮಿ.

ಔಷಧಿ ಅಂಗಡಿ
ಹೆಸರು ಬದಲಾದ ಕ್ರೀಮಿಗಿಂತ ಕೆಟ್ಟದ್ದು ಇದೆ, ದಯವಿಟ್ಟು ಓದಿ.

ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಇರುವ ಮುಲಾಮುಗಳು. ಚರ್ಮರೋಗಕ್ಕೆ ಅಂತ ಇರುವ ಸ್ಟೀರಾಯ್ಡ್. ಹಚ್ಚಿದ ಕೆಲವು ದಿನದಲ್ಲೇ ಮುಖ ಬೆಳ್ಳಗಾದ ಹಾಗೆ ಕಾಣುತ್ತದೆ. ಪಕ್ಕದ ಮನೆಯವರು ಹೇಳಿದರು ಅಂತ ಹುಡುಗಿಯರು ಟ್ಯೂಬ್ ಖಾಲಿ ಮಾಡಿ ಖಾಲಿ ಡಬ್ಬಿ ಹಿಡಿದು ಬರುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಒಳಗಿನ ಕೆಂಪು ನರಗಳು ದಾರದ ಎಳೆಯಂತೆ ಕಾಣುತ್ತವೆ. ಮೊಡವೆ, ಮುಖದ ಮೇಲೆ ಕೂದಲು. ನಿಲ್ಲಿಸಿದರೆ ಮುಖ ಕೆಂಡದ ಹಾಗೆ ಉರಿಯುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ನಾನು ಚೀಟಿ ಕೇಳಿದರೆ ಮುಂದಿನ ಅಂಗಡಿಗೆ ಹೋಗುತ್ತಾರೆ.

ಈಗಾಗಲೇ ಹಚ್ಚುತ್ತಿದ್ದರೆ ನೀವಾಗಿ ಏಕಾಏಕಿ ನಿಲ್ಲಿಸಬೇಡಿ. ಚರ್ಮದ ವೈದ್ಯರ ಹತ್ತಿರ ಹೋಗಿ, ಅವರು ಹಂತ ಹಂತವಾಗಿ ಬಿಡಿಸುತ್ತಾರೆ.

ಹುಬ್ಬಳ್ಳಿ ಮಂದಿ
ಇದನ್ನ ನಮ್ಮ ಓಣಿ ಗುಂಪಿಗೆ ಕಳಸ್ತೀನ್ರಿ. ನಮ್ಮ ತಂಗಿ ಸೈತ ಒಂದು ಟ್ಯೂಬ್ ಇಟ್ಕೊಂಡಾಳ.

ಹಳೇ ರೀಲು
ಹಳೆಯ ಸಿನಿಮಾ ನೋಡುವವನಾಗಿ ನನ್ನದೊಂದು ಮಾತು. ಪಂಢರಿಬಾಯಿ, ಲೀಲಾವತಿ, ಜಯಂತಿ, ಕಲ್ಪನಾ ಇವರೆಲ್ಲ ಇವತ್ತಿನ ಲೆಕ್ಕದಲ್ಲಿ ‘ಮೈ ಕೈ ತುಂಬಿಕೊಂಡವರು’. ಆಗ ಅದು ಸುದ್ದಿಯೇ ಆಗಿರಲಿಲ್ಲ. ‘ಶರಪಂಜರ’ 1971ರದ್ದು, ತ್ರಿವೇಣಿ ಕಾದಂಬರಿ ಆಧಾರಿತ. ಅದರಲ್ಲಿ ಕಲ್ಪನಾ ಅವರ ಸೊಂಟದ ಅಳತೆ ಯಾರಿಗೆ ನೆನಪಿದೆ? ಅವರ ಕಣ್ಣು ನೆನಪಿದೆ.

ಉಮಾಶ್ರೀ ಅವರನ್ನು ನೋಡಿ. ವರ್ಷಾನುಗಟ್ಟಲೆ ಕಾಮಿಡಿ ಟ್ರ್ಯಾಕು, ಎರಡರ್ಥದ ಸಂಭಾಷಣೆ. ರಂಗಭೂಮಿಯಲ್ಲಿ ಪಳಗಿದ ನಟಿಗೆ ಸಿನಿಮಾ ಕೊಟ್ಟ ಜಾಗ ಅಷ್ಟೇ. ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ನಲ್ಲಿ ಅವರಿಗೆ ಗುಲಾಬಿ ಪಾತ್ರ ಕೊಟ್ಟರು, ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಸಂಜೆಮಲ್ಲಿಗೆ ಕೇಳಿದ್ದಕ್ಕೆ ನನ್ನ ಉತ್ತರ ಆ ಸಿನಿಮಾ. ಗುಲಾಬಿ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು, ಮೀನುಗಾರರ ಊರಿನ ಒಂಟಿ ಮುಸ್ಲಿಂ ಹೆಂಗಸು. ಅವಳ ಮೈ ಕಥೆಯ ವಿಷಯ ಅಲ್ಲ.

ಸಂಜೆಮಲ್ಲಿಗೆ
ಒಳ್ಳೆಯ ಉದಾಹರಣೆ. ಈ ವಾರಾಂತ್ಯ ಅಕ್ಕನ ಮಗಳ ಜೊತೆ ಕೂತು ನೋಡುತ್ತೇನೆ. ಆದರೆ ಅದು ಪ್ರಶಸ್ತಿ ಸಿನಿಮಾ. ಥಿಯೇಟರಿನಲ್ಲಿ ಶಿಳ್ಳೆ ಬೀಳುವ ಸಿನಿಮಾದಲ್ಲಿ ಹೀಗೆ ಯಾವಾಗ?

ಮನೆಮಾತು
ಮೈ ತೋರಿಸುವ ಹಾಡುಗಳೂ ನಿಲ್ಲಲಿ ಹಾಗಾದರೆ. ಒಂದು ಕಡೆ ಮೈ ಬಗ್ಗೆ ಮಾತಾಡಬೇಡಿ ಅನ್ನುತ್ತೀರಿ, ಇನ್ನೊಂದು ಕಡೆ ಬಿಕಿನಿ ಹಾಕುವುದು ನಮ್ಮ ಹಕ್ಕು ಅನ್ನುತ್ತೀರಿ. ನಮ್ಮ ಸಂಸ್ಕೃತಿಯಲ್ಲಿ ಇದೆಲ್ಲ ಇರಲಿಲ್ಲ.

ಹಳೇ ರೀಲು
1965ರ ‘ಮಿಸ್ ಲೀಲಾವತಿ’ಯಲ್ಲೇ ಜಯಂತಿ ಈಜುಡುಗೆ ಹಾಕಿದ್ದರು. ಆಮೇಲೂ ನಮ್ಮ ಅಮ್ಮಂದಿರು ಅವರನ್ನು ‘ಅಭಿನಯ ಶಾರದೆ’ ಅಂತಲೇ ಕರೆದರು.

ಸಂಜೆಮಲ್ಲಿಗೆ
ಮನೆಮಾತು ಅವರೇ, ಎರಡೂ ಒಂದೇ ಮಾತು. ಮೈ ಅವಳದ್ದು. ಮುಚ್ಚುವುದೂ ಬಿಡುವುದೂ ಅವಳಿಗೆ ಸೇರಿದ್ದು. ಹಾಡಿನಲ್ಲಿ ಕ್ಯಾಮೆರಾ ಅವಳ ಮುಖ ಬಿಟ್ಟು ಬರೀ ಹೊಕ್ಕಳ ಹತ್ತಿರ ಓಡಾಡಿದರೆ ನನಗೂ ಸಿಟ್ಟು ಬರುತ್ತದೆ. ಅಲ್ಲಿ ಅವಳು ಮನುಷ್ಯಳಾಗಿ ಉಳಿದಿರುವುದಿಲ್ಲ.

ಮಂಸೋರೆ ಅವರ ‘ನಾತಿಚರಾಮಿ’ ನೋಡಿ. ಗಂಡ ಸತ್ತ ಹೆಂಗಸಿಗೆ ಮೈಯ ಹಸಿವು ಇದೆ ಅಂತ ನೇರವಾಗಿ ಹೇಳುತ್ತದೆ. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿ ಒಂದು ಕಡೆಯೂ ಕ್ಯಾಮೆರಾ ಅವಳನ್ನು ಕೀಳಾಗಿ ತೋರಿಸುವುದಿಲ್ಲ.

ಕಲ್ಯಾಣದ ಕಡೆಯವಳು
ಸಂಸ್ಕೃತಿ ಅಂದರೆ ಅಕ್ಕ ಮಹಾದೇವಿಯೂ ಸೇರುತ್ತಾಳೆ ಅಲ್ವಾ? ಹನ್ನೆರಡನೇ ಶತಮಾನ. ಉಡುತಡಿಯಿಂದ ಬಟ್ಟೆ ಬಿಟ್ಟು ಹೊರಟವಳು. ಕೂದಲಿನಿಂದ ಮೈ ಮುಚ್ಚಿಕೊಂಡಿದ್ದು ಯಾಕೆ ಅಂತ ಅಲ್ಲಮ ಕೇಳುವ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ನೋಡುವ ನಿಮಗೆ ನೋವಾಗದಿರಲಿ ಅಂತ ಮುಚ್ಚಿದೆ ಅನ್ನುವ ಅರ್ಥದಲ್ಲಿ ಅವಳು ಉತ್ತರ ಕೊಡುತ್ತಾಳೆ. ತೊಂದರೆ ನೋಡುವವರದ್ದು ಅಂತ ಆಗಲೇ ಹೇಳಿ ಆಗಿದೆ.

ಮನೆಮಾತು
ಅಕ್ಕ ವೈರಾಗ್ಯದವಳು. ಅವಳನ್ನು ಐಟಂ ಸಾಂಗ್ ಜೊತೆ ಹೋಲಿಸಬೇಡಿ.

ಕಲ್ಯಾಣದ ಕಡೆಯವಳು
ಹೋಲಿಸಿಲ್ಲ. ‘ಇದೆಲ್ಲ ಇರಲಿಲ್ಲ’ ಅಂದಿರಲ್ಲ, ಅದಕ್ಕೆ ಹೇಳಿದೆ.

ಕರಾವಳಿ ಕಡಲು
ಗಂಡಸರ ಕಡೆಯಿಂದಲೂ ಒಂದು. ನನಗೆ 26ಕ್ಕೇ ಕೂದಲು ಹೋಯಿತು. ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಬಂದಾಗ ಥಿಯೇಟರಿನಲ್ಲಿ ಕೂತು ಅತ್ತೆ. ಆ ಸಿನಿಮಾದಲ್ಲಿ ನನಗೆ ತುಂಬ ಹಿಡಿಸಿದ್ದು ಬೇರೆ. ಬೋಳು ತಲೆ ಅಂತ ಎಲ್ಲರಿಂದ ಅವಮಾನ ತಿಂದ ಮೇಷ್ಟ್ರು, ದಪ್ಪ ಹುಡುಗಿ ಎದುರು ಬಂದಾಗ ತಾನೂ ಹಿಂಜರಿಯುತ್ತಾನೆ. ನೋವು ಉಂಡವನು ಇನ್ನೊಬ್ಬರನ್ನು ಅಳೆಯುವುದಿಲ್ಲ ಅಂತ ಏನೂ ಇಲ್ಲ. ಅದನ್ನು ಅಷ್ಟು ಪ್ರಾಮಾಣಿಕವಾಗಿ ತೋರಿಸಿದ ಕನ್ನಡ ಸಿನಿಮಾ ಕಮ್ಮಿ.

ನೇರನುಡಿ
ನೋಡಿ, ನಾನು ಹೇಳಿದ್ದೂ ಇದನ್ನೇ. ಗಂಡಸರಿಗೂ ಇದೆ.

ದುಬೈ ಕನ್ನಡತಿ
ಇದೆ, ಯಾರೂ ಇಲ್ಲ ಅಂದಿಲ್ಲ. ಆದರೆ ಅವಮಾನದ ಪ್ರಮಾಣದಲ್ಲಿ ವ್ಯತ್ಯಾಸ ಇದೆ. ಹೊಟ್ಟೆ ಬಂದ ಹೀರೋ ಐವತ್ತು ದಾಟಿದರೂ ಇಪ್ಪತ್ತೈದರ ನಾಯಕಿ ಜೊತೆ ಕುಣಿಯುತ್ತಾನೆ. ಐಶ್ವರ್ಯಾ ರೈ ನಮ್ಮ ಮಂಗಳೂರು ಮೂಲದವರು. 2011ರ ನವೆಂಬರಿನಲ್ಲಿ ಮಗು ಹೆತ್ತರು. ಮುಂದಿನ ವರ್ಷ ಕಾನ್ ಉತ್ಸವಕ್ಕೆ ಹೋದಾಗ ದೇಶದ ಪತ್ರಿಕೆ, ಟಿವಿಗಳೆಲ್ಲ ಅವರ ತೂಕದ ಬಗ್ಗೆಯೇ ಬರೆದವು. ಬಾಣಂತಿಗೆ ಮೈ ಬರುವುದು ಸಹಜ ಅಂತ ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಮೇಕಪ್ ಪೆಟ್ಟಿಗೆ
2022ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕನ್ನಡ ಧಾರಾವಾಹಿ ನಟಿ ತೀರಿಕೊಂಡರು. 21 ವರ್ಷ. ಮಾರನೇ ದಿನ ಸೆಟ್‌ನಲ್ಲಿ ಎಲ್ಲರೂ ಸುಮ್ಮನಿದ್ದೆವು. ಊಟದ ಹೊತ್ತಿಗೆ ಸಣ್ಣ ಪಾತ್ರ ಮಾಡುವ ಹುಡುಗಿಯೊಬ್ಬಳು ಅನ್ನ ಬೇಡ, ಬರೀ ಸೌತೆಕಾಯಿ ಸಾಕು ಅಂದಳು. ಯಾರಿಗೂ ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅವಳ ಕೆಲಸ ಆ ಸೌತೆಕಾಯಿಯ ಮೇಲೆ ನಿಂತಿದೆ ಅಂತ ನಮಗೆಲ್ಲ ಗೊತ್ತಿತ್ತು.

ತುಂಗಾತೀರ
ಇದನ್ನು ಓದಿದ ಮೇಲೂ ‘ಕಾಳಜಿಯಿಂದ ಹೇಳುತ್ತೇವೆ’ ಅನ್ನುವವರಿಗೆ ನಾನು ಏನೂ ಹೇಳಲಾರೆ.

ಪೀಣ್ಯ ಲೈನ್
ನಾನು ಗಾರ್ಮೆಂಟ್ಸ್‌ನಲ್ಲಿ ಇದ್ದೀನಿ. ವಿಷಯ ಸ್ವಲ್ಪ ಬೇರೆ, ಆದರೂ ಮೈ ಅಂದಿದ್ದಕ್ಕೆ ಕೇಳುತ್ತೇನೆ. 2025ರ ಅಕ್ಟೋಬರಿನಲ್ಲಿ ಸರ್ಕಾರ ಮುಟ್ಟಿನ ರಜೆ ಒಪ್ಪಿತಲ್ಲ, ತಿಂಗಳಿಗೆ ಒಂದು, ವರ್ಷಕ್ಕೆ 12. ಸಂಬಳ ಕಟ್ ಇಲ್ಲ. ಒಳ್ಳೆಯದು. ನಮ್ಮ ಲೈನಿನಲ್ಲಿ ಸೂಪರ್‌ವೈಸರ್ ಗಂಡಸು. ಅವರ ಹತ್ತಿರ ಹೋಗಿ ‘ಇವತ್ತು ನನಗೆ ಮುಟ್ಟು’ ಅಂತ ಹೇಳಬೇಕಾ? ಹೊಲಿಗೆ ಮಿಷಿನ್ ಪಕ್ಕ ಮೂವತ್ತು ಜನ ಕೇಳಿಸಿಕೊಳ್ಳುತ್ತಾರೆ. ಧಾರಾವಾಹಿಯಲ್ಲಿ ಒಬ್ಬ ನಾಯಕಿಯಾದರೂ ಧೈರ್ಯವಾಗಿ ಹೀಗೆ ರಜೆ ಕೇಳುವುದನ್ನು ತೋರಿಸಿದರೆ ನಮಗೂ ಬಾಯಿ ಬರುತ್ತದೆ.

ಸಂಜೆಮಲ್ಲಿಗೆ
ಇದು ಬೇರೆ ವಿಷಯ ಅಲ್ಲವೇ ಅಲ್ಲ. ಟಿವಿಯಲ್ಲಿ ನಾಯಕಿಗೆ ಮುಟ್ಟೇ ಆಗುವುದಿಲ್ಲ. ವರ್ಷಗಟ್ಟಲೆ ಓಡುವ ಕಥೆಯಲ್ಲಿ ಒಂದು ದಿನವೂ ಹೊಟ್ಟೆನೋವು ಇಲ್ಲ, ಗರ್ಭಿಣಿ ಮಾತ್ರ ಆಗುತ್ತಾಳೆ. ರಜೆಗೆ ಅರ್ಜಿ ಬರೆದು ಕೊಡುವ ಪದ್ಧತಿ ಇದ್ದರೆ ಹಾಗೇ ಮಾಡಿ. ನಾಲ್ಕೈದು ಜನ ಒಟ್ಟಿಗೆ ಹೋಗಿ ಎಚ್‌ಆರ್ ಹತ್ತಿರ ಕೇಳಿದರೆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ.

ಡೈಲಾಗ್ ಡೆಸ್ಕ್
ಆಗಿಂದ ಓದುತ್ತಿದ್ದೇನೆ. ನಾನು ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುತ್ತೇನೆ, ಹಾಗಾಗಿ ಒಳಗಿನ ಮಾತು ಹೇಳಬಹುದು.

ಪಾತ್ರಗಳ ಪಟ್ಟಿ ಬರೆಯುವಾಗ ಪ್ರತಿ ಹೆಸರಿನ ಮುಂದೆ ಒಂದು ಸಾಲು ವಿವರಣೆ ಇರುತ್ತದೆ. ನಾಯಕ: ‘ಜವಾಬ್ದಾರಿಯುತ, ಸಿಡುಕ, ತಾಯಿಯ ಮೇಲೆ ಪ್ರಾಣ.’ ನಾಯಕಿ: ‘22, ಬೆಳ್ಳಗೆ, ಲಕ್ಷಣವಾಗಿ.’ ನಾಯಕನ ಅತ್ತಿಗೆ: ‘ದಪ್ಪ, ಜಗಳಗಂಟಿ.’ ಆ ಒಂದು ಸಾಲು ಹಿಡಿದುಕೊಂಡೇ ಆಡಿಷನ್, ಬಟ್ಟೆ, ಹಿನ್ನೆಲೆ ಸಂಗೀತ ಎಲ್ಲ ನಿರ್ಧಾರ ಆಗುತ್ತದೆ. ದಪ್ಪಗಿನವರು ನಡೆದು ಬಂದರೆ ‘ಢಂ ಢಂ’ ಅನ್ನುವ ಶಬ್ದ ಹಾಕುವುದು ಎಡಿಟಿಂಗ್‌ನವರಿಗೆ ಕೈಗೆ ಬಂದ ಅಭ್ಯಾಸ.

ನೇರನುಡಿ
ಅದನ್ನು ಬರೆಸುವುದು ಟಿಆರ್‌ಪಿ ತಾನೇ? ಜನ ಕೇಳಿದ್ದನ್ನು ಕೊಡುತ್ತೀರಿ.

ಡೈಲಾಗ್ ಡೆಸ್ಕ್
ಟಿಆರ್‌ಪಿ ಬರುವುದು ಪ್ರಸಾರ ಆದ ಮೇಲೆ. ಈ ಸಾಲು ಬರೆಯುವುದು ಅದಕ್ಕೆ ತಿಂಗಳುಗಟ್ಟಲೆ ಮೊದಲು. ಜನ ಇನ್ನೂ ನೋಡಿಯೇ ಇರುವುದಿಲ್ಲ, ಏನು ಕೇಳುತ್ತಾರೆ? ಹೋದ ಸಲ ಹೀಗೆ ಬರೆದಿದ್ದೆವು ಅಂತ ಈ ಸಲವೂ ಬರೆಯುತ್ತೇವೆ.

ಸಂಜೆಮಲ್ಲಿಗೆ
ಆ ಸಾಲನ್ನು ಬರೆಯುವುದು ಯಾರು? ಚಾನೆಲ್ಲಾ, ನಿರ್ಮಾಪಕರಾ, ನೀವಾ?

ಡೈಲಾಗ್ ಡೆಸ್ಕ್
ಮೊದಲ ಕರಡು ನಮ್ಮದೇ. ಆಮೇಲೆ ಎಲ್ಲರೂ ತಿದ್ದುತ್ತಾರೆ. ಮುಂದಿನ ಕಥೆಗೆ ನಾಯಕಿಯ ಅಕ್ಕನ ಪಾತ್ರ ಈಗ ನನ್ನ ಮೇಜಿನ ಮೇಲಿದೆ. ಬಣ್ಣ, ತೂಕ ಎರಡನ್ನೂ ಬರೆಯದೆ ಕಳಿಸುತ್ತೇನೆ. ಕೇಳಿದರೆ ವಾದ ಮಾಡುತ್ತೇನೆ.

ಮೇಕಪ್ ಪೆಟ್ಟಿಗೆ
ಆಡಿಷನ್ ಯಾವಾಗ ಅಂತ ಇಲ್ಲೇ ಹಾಕಿ. ಬೆಳಕಿನ ವಿಷಯಕ್ಕೆ ಕಾದಾಡಲು ನಾನೂ ಬರುತ್ತೇನೆ.

ಪೀಣ್ಯ ಲೈನ್
ಆ ಅಕ್ಕ ಏನು ಕೆಲಸ ಮಾಡುತ್ತಾಳೆ?

ಡೈಲಾಗ್ ಡೆಸ್ಕ್
ಆರ್‌ಟಿಓ ಕಚೇರಿ ಎದುರು ಝೆರಾಕ್ಸ್ ಅಂಗಡಿ. ಸಾಲ ಮಾಡಿ ಹಾಕಿದ್ದಾಳೆ, ಪಕ್ಕದ ಅಂಗಡಿಯವನ ಮೇಲೆ ಕೇಸ್ ಹಾಕಿದ್ದಾಳೆ. ಬಾಯಿ ಜೋರು.